ಬದುವಿನ ಮೇಲಿನ ಸೂಜಿ

ಆನೆಗೊಂದಿಯ ಪಕೀರಮ್ಮನ ಬಾಯಿ ದೊಡ್ಡದು. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳ ಹತ್ತಿರ ಚೌಕಾಸಿ ಮಾಡಲು ಗದ್ದೆಯ ಮಾಲೀಕರು ಹೆದರುತ್ತಿದ್ದರು.

೧೯೯೭ರ ನಾಟಿಯಲ್ಲಿ ಅವಳು ಹೊಸ ಹಕ್ಕೊಂದನ್ನು ಗೆದ್ದಳು. ದಿನವಿಡೀ ಕೆಸರಲ್ಲಿ ಬಗ್ಗಿದರೆ ಸೊಂಟ ಬಿದ್ದುಹೋಗುತ್ತದೆ. ಆದ್ದರಿಂದ ಕೂಲಿ, ಚಹಾದ ಜೊತೆಗೆ ವಾರಕ್ಕೊಂದು ಶಕ್ತಿ ಸೂಜಿಯನ್ನೂ ಮಾಲೀಕನೇ ಕೊಡಿಸಬೇಕು! ಊರೂರು ತಿರುಗುವ ಸೂಜಿ ಡಾಕ್ಟರು ಓಬಳೆಪ್ಪ ಲೂನಾ ಮೇಲೆ ಬಂದು, ಬದುವಿನ ಮೇಲೆ ಸಾಲಾಗಿ ಕೂತವರಿಗೆಲ್ಲ ಒಂದೇ ಸೂಜಿಯಲ್ಲಿ ಚುಚ್ಚುತ್ತಿದ್ದ. ಗುಳಿಗೆ ತೆಗೆದರೆ ಪಕೀರಮ್ಮನ ಬೈಗುಳ.

"ಬರೇ ಗುಳಿಗಿಗೆ ಯಾವ ಬ್ಯಾನಿ ಹೋಗತೈತಿ? ಸೂಜಿ ಹಾಕೋ!"

ಓಬಳೆಪ್ಪನಿಗಾದರೂ ಬುದ್ಧಿ ಬೇಡವೇ? ಆದರೆ ಗಿರಾಕಿ ಬೇಡಿದ್ದನ್ನು ಇಲ್ಲವೆನ್ನುವ ವ್ಯಾಪಾರಿ ಎಲ್ಲಿದ್ದಾನೆ?

ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಆಮೇಲೆ ಪಕೀರಮ್ಮನ ಕಾಲು ಬಾತವು, ಹೊಟ್ಟೆ ಉಬ್ಬಿತು. ಕಾಮಾಲೆ ಎಂದು ಸೊಪ್ಪಿನ ರಸ ಕುಡಿಸಿದರು. ಕೊನೆಗೆ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಸಿ ಎಂದರು, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ರಕ್ತದಿಂದ ಹರಡುವ ರೋಗ. ಲಿವರ್ ಕಲ್ಲಾಗಿತ್ತು. ಹೊಟ್ಟೆಯ ನೀರು ತೆಗೆಸುವುದು, ಅದು ಮತ್ತೆ ತುಂಬುವುದು. ಎಮ್ಮೆ ಹೋಯಿತು, ಸೊಸೆ ರೂಪಾಳ ಬೆಂಡೋಲೆ ಹೋಯಿತು, ಓಡಾಟದಲ್ಲಿ ಮಗ ಯಂಕೇಶನ ಕೆಲಸವೂ ಹೋಯಿತು. ಬಡವರ ಮನೆಗೆ ರೋಗ ಒಂಟಿಯಾಗಿ ಬರುವುದಿಲ್ಲ.

"ಇದಕ್ಕ ಈಗ ಸರ್ಕಾರದ ಗುಳಿಗಿ ಅದಾವ, ಪುಕ್ಕಟೆ. ಆದ್ರ ನಿಮ್ಮ ಲಿವರ್ ಮೊದಲಿನಂಗ ಆಗಂಗಿಲ್ರಿ," ಎಂದ ಆಸ್ಪತ್ರೆಯ ಡಾಕ್ಟರು, ಅವಳು ಹೇಳಿದ ಶಕ್ತಿ ಸೂಜಿಯ ಬಗ್ಗೆ ಇನ್ನೊಂದು ಮಾತು ಕೇಳಿದರು. "ಆ ಸೂಜಿ ನಿಮ್ಮ ಜೋಡಿ ಮತ್ಯಾರು ತಗೊಂಡಿದ್ರು?"

ಪಕೀರಮ್ಮ ಬೆರಳು ಮಡಚುತ್ತ ಹೆಸರು ಎಣಿಸತೊಡಗಿದಳು. ಬದುವಿನ ಮೇಲೆ ಕೂತವರ ಮುಖಗಳೆಲ್ಲ ಅವಳಿಗೆ ನೆನಪಿದ್ದವು.

ಊರಿಗೆ ಬಂದವಳೇ ಗುಂಪಿನವರನ್ನೆಲ್ಲ ತನ್ನ ಮನೆಯ ಕಟ್ಟೆಗೆ ಕರೆಸಿ ವಿಷಯ ಹೇಳಿ, ರಕ್ತ ಪರೀಕ್ಷೆಗೆ ಬನ್ನಿರೆಂದಳು. ಯಾರೂ ನಂಬಲಿಲ್ಲ.

"ನಾ ಗಟ್ಟಿಮುಟ್ಟ ಅದೀನಿ. ಸುಮ್ಮನ ರಕ್ತ ಯಾಕ ಕೊಡ್ಲಿ?" ಎಂದಳು ಜೀವದ ಗೆಳತಿ ಶಂಕ್ರಮ್ಮ.

ಪಕೀರಮ್ಮ ಸೆರಗು ಸರಿಸಿ ಕೊಡದಂಥ ಹೊಟ್ಟೆ ತೋರಿಸಿದಳು. "ನಾನೂ ನಿನ್ನಂಗ ಗಟ್ಟಿನೇ ಇದ್ದೆ. ಸೂಜಿ ಕೊಡಿಸಿದಾಕಿ ನಾನು, ಗುಳಿಗೀನೂ ನಾನೇ ಕೊಡಸ್ತೀನಿ. ನಡೀರೇ!"

ಎಲ್ಲರನ್ನೂ ಆಸ್ಪತ್ರೆಗೆ ಒಯ್ಯುವ ಟಂಟಂ ಆಟೋದ ಬಾಡಿಗೆಗೆ ರೊಕ್ಕ ತೆಗೆದಾಗ ಯಂಕೇಶ ಕೈ ಹಿಡಿದ. "ಯವ್ವಾ, ಅದು ನಿನ್ನ ಹೊಟ್ಟಿ ನೀರು ತೆಗಿಸಾಕ ಇಟ್ಟಿದ್ದು!"

"ನೀರು ಎಲ್ಲಿ ಓಡಿ ಹೋಗತೈತೋ? ಮುಂದಿನ ವಾರಾನೂ ಇರತೈತಿ."

ಪರೀಕ್ಷೆಯಲ್ಲಿ ಕೆಲವರಿಗೆ ರೋಗ ಕಂಡಿತು, ಶಂಕ್ರಮ್ಮನಿಗೂ. ಅವರ ಲಿವರ್ ಇನ್ನೂ ಕೆಟ್ಟಿರಲಿಲ್ಲ. ಮೂರು ತಿಂಗಳು ಗುಳಿಗೆ ಕೊಟ್ಟರು. ಅಷ್ಟರಲ್ಲಿ ಪಕೀರಮ್ಮ ಹಾಸಿಗೆ ಹಿಡಿದಿದ್ದಳು.

ಕೊನೆಯ ಪರೀಕ್ಷೆ ಮುಗಿಸಿ ಶಂಕ್ರಮ್ಮ ನೇರ ಅವಳ ಹತ್ತಿರ ಬಂದಳು. "ಎಲ್ಲಾರ ಬ್ಯಾನೀನೂ ಹೋತವ್ವಾ."

"ಖರೇ? ಒಂದೂ ಸೂಜಿ ಹಾಕಲಿಲ್ಲೇನು?"

"ಇಲ್ಲ. ಬರೇ ಗುಳಿಗಿ."

"ಬರೇ ಗುಳಿಗಿಗೆ ಹೋತಾ!" ಎಂದು ಪಕೀರಮ್ಮ ನಗತೊಡಗಿದಳು. ನಗುತ್ತ ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.