ಗುಲಬರ್ಗಾದ ಒಂದು ವರ್ಷ

ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸುಭದ್ರಾಬಾಯಿಯವರ ಮನೆ ಎಂದರೆ ರಿಕ್ಷಾದವರಿಗೂ ಗೊತ್ತಿತ್ತು. ಆದರೆ ಆ ಮನೆಗೆ ಹೋಗುವವರು ಯಾರೂ ಸುಭದ್ರಾಬಾಯಿಯವರನ್ನು ನೋಡಲೆಂದು ಹೋಗುತ್ತಿರಲಿಲ್ಲ. ಮಗನಿಗೆ ಇಂಟರ್‌ಮೀಡಿಯಟ್‌ನಲ್ಲಿ ಯಾವ ಗ್ರೂಪು ಕೊಡಿಸಬೇಕು, ಮಗಳ ಅರ್ಜಿಗೆ ಯಾವ ಕಾಗದ ಹಚ್ಚಬೇಕು, ಹುಡುಗ ಪಠ್ಯ ಬಿಟ್ಟರೆ ಬೇರೇನೂ ಓದುವುದಿಲ್ಲ, ಏನು ಮಾಡೋಣ ಎಂದು ಕೇಳುವವರು ಹೋಗುತ್ತಿದ್ದರು. ಸೀಟು ಸಿಕ್ಕ ಮೇಲೆ ಒಂದು ಡಬ್ಬಿ ಪೇಢೆ ಬರುತ್ತಿತ್ತು. ಪೇಢೆ ತಂದವರು ಮತ್ತೆ ಆ ಗಲ್ಲಿಯ ಕಡೆ ಮುಖ ಹಾಕುತ್ತಿರಲಿಲ್ಲ.

ನಾಂಪಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ತೊಂಬತ್ತಮೂರರಲ್ಲಿ ನಿವೃತ್ತರಾದ ಬಾಯಿ ಅವರು. ಕಾಲೇಜು ಪ್ರವೇಶಕ್ಕೆ ಬಂದ ಮಕ್ಕಳು ಎಲ್ಲೆಲ್ಲಿ ಓದಿದ್ದಾರೆ ಎಂಬ ಪ್ರಮಾಣಪತ್ರಗಳನ್ನು ತಪಾಸಣೆ ಮಾಡುವುದೇ ಅವರ ಮೇಜಿನ ಕೆಲಸ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, “ಫೈಲು ಭಾಳ ಬಾಕಿ ಇದ್ದವ್ರಿ” ಎಂದು ನಗಿಸಿಬಿಡುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಆ ಮಾತಿಗೆ ನಗುವವರೂ ಇಲ್ಲವಾದರು. ಆಗಲೇ ಅವರು ಭಾನುವಾರದ ಓದು ಶುರು ಮಾಡಿದ್ದು.

ಆಬಿಡ್ಸ್ ಫುಟ್‌ಪಾತಿನಲ್ಲಿ ಆರಿಸಿ ತಂದ ಹಳೆಯ ಪುಸ್ತಕಗಳು ಮುನ್ನೂರರ ಹತ್ತಿರ ಇದ್ದವು. ಹೈಸ್ಕೂಲಿನ ಎಂಟು ಹತ್ತು ಮಕ್ಕಳು ಹತ್ತು ಗಂಟೆಗೆ ಬಂದು, ಕಬ್ಬಿಣದ ಅಲಮಾರಿನಿಂದ ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು, ಚಾಪೆಯ ಮೇಲೆ ಕೂತು ಓದಬೇಕು. ಇಂಥದ್ದನ್ನು ಓದು ಎಂದು ಸುಭದ್ರಾಬಾಯಿ ಯಾರಿಗೂ ಹೇಳುವವರಲ್ಲ. ಮೂವತ್ತು ಪುಟದ ಮೇಲೂ ರುಚಿಸದಿದ್ದರೆ ಮುಚ್ಚಿ ಇಡಬಹುದು, ನಾಚಿಕೆ ಪಡಬೇಕಾಗಿಲ್ಲ. ಪಾಲಕರು ಬಂದು “ನೀವ ಏನಾದ್ರ ಚೊಲೊ ಪುಸ್ತಕ ಆರಿಸಿ ಕೊಡ್ರಿ ಅಕ್ಕೋರ” ಎಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. “ಊಟ ಅವರು ಮಾಡಾವ್ರು, ರುಚಿ ನಾ ನೋಡ್ಲೇನು?” ಎಂದು ಬಾಗಿಲ ತನಕ ನಡೆಸಿ ಕಳಿಸುತ್ತಿದ್ದರು.

ಏಪ್ರಿಲ್ ಬಂತೆಂದರೆ ಆ ಚಾಪೆಯ ಮೇಲೆ ಅರ್ಜಿಗಳು ಹರಡಿಕೊಳ್ಳುತ್ತಿದ್ದವು. ಮೊದಲು ಜೆರಾಕ್ಸ್ ಪ್ರತಿಯ ಮೇಲೆ ಪೆನ್ಸಿಲಿನಿಂದ ತುಂಬಬೇಕು, ಬಾಯಿಯವರು ನೋಡಬೇಕು, ಆಮೇಲಷ್ಟೇ ಅಸಲು ಅರ್ಜಿಗೆ ಶಾಯಿ ತಾಗಬೇಕು. ಅವರ ಕೈಯಿಂದ ಹೋದ ಅರ್ಜಿ ಒಂದೂ ತಿರಸ್ಕಾರವಾಗಿ ವಾಪಸು ಬಂದಿರಲಿಲ್ಲ. ಈ ಜಂಬ ಅವರಿಗಿತ್ತು, ಇರಲೂಬೇಕು.

ಶಾಮಲಾ ಬಂದದ್ದು ಎಂಟನೇ ಕ್ಲಾಸಿನಲ್ಲಿ. ರೈಲ್ವೆ ಗೂಡ್ಸ್ ಕಚೇರಿಯ ಗುಮಾಸ್ತ ದತ್ತಾತ್ರೇಯರಾವ್ ಅವರ ಒಬ್ಬಳೇ ಮಗಳು. ಮನೆತನ ಬೀದರ ಕಡೆಯದು, ಶಾಲೆ ಇಂಗ್ಲಿಷಿನದು, ಎರಡನೇ ಭಾಷೆ ತೆಲುಗು. ಕನ್ನಡ ಮನೆಯಲ್ಲಿ ಮಾತಾಡುವಷ್ಟೇ ಗೊತ್ತು, ಅಕ್ಷರದ ಗುರುತಿಲ್ಲ. ಉಳಿದ ಮಕ್ಕಳು ಹನ್ನೆರಡಕ್ಕೆ ಚಪ್ಪಲಿ ಮೆಟ್ಟಿ ಓಡಿದರೆ ಇವಳು ಅಡಿಗೆಮನೆಗೆ ಬಂದು ಅವಲಕ್ಕಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ಓದಿದ್ದರ ಬಗ್ಗೆ ತಕರಾರು ತೆಗೆಯುತ್ತಿದ್ದಳು. ಎಲ್ಲರೂ ಅಕ್ಕೋರು ಎಂದರೆ ಇವಳೊಬ್ಬಳು ಮೌಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಡಾಕ್ಟರ್ ಆಗುತ್ತೇನೆ ಎಂದು ಮೊದಲು ಹೇಳಿದ್ದೂ ಆ ಅಡಿಗೆಮನೆಯಲ್ಲೇ, ತಂದೆಗಿಂತ ಮೊದಲು. ಭಾನುವಾರ ಮಧ್ಯಾಹ್ನ ಎರಡಕ್ಕೆ ಅವಳು ಹೋದ ಮೇಲೆ ಸುಭದ್ರಾಬಾಯಿ ಮುಂದಿನ ಭಾನುವಾರದ ದಿನ ಎಣಿಸಲು ಕೂರುತ್ತಿದ್ದರು.

ಅಲಮಾರಿನ ಕೆಳಗಿನ ಎರಡು ಹಲಗೆ ಪೂರ್ತಿ ಕನ್ನಡ ಪುಸ್ತಕ. ಅವನ್ನು ಮುಟ್ಟುವ ಮಗು ಒಂದೂ ಇರಲಿಲ್ಲ. ತಾವು ಹುಡುಗಿಯಾಗಿದ್ದಾಗಿನಿಂದ ಓದಿದ, ಅತ್ತ, ನಕ್ಕ ಪುಸ್ತಕಗಳ ಬಗ್ಗೆ ಮಾತಾಡಲು ಈ ಊರಿನಲ್ಲಿ ಒಬ್ಬಳಾದರೂ ಬೇಕು ಎಂಬ ಆಸೆ ಅವರಿಗೆ. ಹೈದರಾಬಾದಿನ ನಮ್ಮ ಕನ್ನಡದ ಜನರಲ್ಲಿ ಮಕ್ಕಳ ನಾಲಿಗೆ ತಿರುಗಲಿ ಎಂದು ಒಂದು ವರ್ಷ ಗಡಿಯಾಚೆ ಕರ್ನಾಟಕದ ಬಳಗದವರಲ್ಲಿಗೆ ಕಳಿಸುವ ರೂಢಿ ಇದ್ದೇ ಇತ್ತು. ದತ್ತಾತ್ರೇಯರಾವ್ ಅವರ ತಂಗಿ ಅಂಬುಬಾಯಿ ಗುಲಬರ್ಗಾದಲ್ಲಿದ್ದರು.

“ಒಂಬತ್ತನೇದು ಗುಲಬರ್ಗಾದಾಗ ಓದ್ಲಿ ಬಿಡ್ರಿ,” ಎಂದರು ಸುಭದ್ರಾಬಾಯಿ. “ಬೋರ್ಡ್ ಪರೀಕ್ಷಾ ಇಲ್ಲ, ಏನೂ ಹೋಗೂದಿಲ್ಲ. ಹತ್ತನೇದಕ್ಕ ವಾಪಸ್ ಕರಕೊಂಡ್ರಾತು.”

“ನೀವು ಹೇಳಿದ ಮ್ಯಾಲ ಮುಗೀತ್ರಿ ಬಾಯಾರ,” ಎಂದರು ದತ್ತಾತ್ರೇಯರಾವ್. ಶಾಮಲಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಜೂನಿನಲ್ಲಿ ರೈಲು ಹತ್ತಿದಳು.

ಮರುವರ್ಷ ಬಂದಾಗ ಕನ್ನಡ ಪುಸ್ತಕವನ್ನು ಅಡ್ಡಾಗಿ ಮಲಗಿ ಓದುವಷ್ಟು ಕಲಿತಿದ್ದಳು. ಹತ್ತನೇ ಕ್ಲಾಸು, ಇಂಟರಿನ ಎರಡು ವರ್ಷ, ಒಟ್ಟು ಮೂರು ವರ್ಷ ಆ ಮನೆಯಲ್ಲಿ ಕೆಳಗಿನ ಹಲಗೆಗಳು ಖಾಲಿಯಾಗಿ ತುಂಬಿದವು, ತುಂಬಿ ಖಾಲಿಯಾದವು. ಸುಭದ್ರಾಬಾಯಿಯವರ ಬದುಕಿನಲ್ಲಿ ಅಷ್ಟು ಮಾತು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ತೊಂಬತ್ತೊಂಬತ್ತರ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಗೆ ಬಂದ ರ‍್ಯಾಂಕು ನೋಡಿ ಬಾಯಿ ಬೀದಿಗೆಲ್ಲ ತಾವೇ ಪೇಢೆ ಹಂಚಿದರು. ಆ ರ‍್ಯಾಂಕಿಗೆ ಊರಿನಲ್ಲೇ ಮೆಡಿಕಲ್ ಸೀಟು ಇಟ್ಟದ್ದೇ ಎಂದು ಎಲ್ಲರ ಲೆಕ್ಕ.

ಸೀಟು ಹಂಚುವ ಕೌನ್ಸೆಲಿಂಗಿಗೆ ತಂದೆ, ಮಗಳು, ಸುಭದ್ರಾಬಾಯಿ ಮೂವರೂ ಹೋದರು. ಮೇಜಿನ ಆಚೆಯ ಗುಮಾಸ್ತ ಕಾಗದಗಳನ್ನು ಒಂದೊಂದಾಗಿ ತಿರುವಿದ. ಒಂಬತ್ತನೇ ಕ್ಲಾಸಿನ ಕಾಗದದ ಮೇಲೆ ಅವನ ಬೆರಳು ನಿಂತಿತು. ಆ ಬೆರಳು ಯಾಕೆ ನಿಂತಿತು ಎಂಬುದು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ಸುಭದ್ರಾಬಾಯಿಯವರೊಬ್ಬರಿಗೇ ತಿಳಿಯಿತು. ಪರೀಕ್ಷೆಗೆ ಹಿಂದಿನ ನಾಲ್ಕು ವರ್ಷ ಬಿಡುವಿಲ್ಲದೆ ಇಲ್ಲಿನ ಶಾಲೆ, ಕಾಲೇಜುಗಳಲ್ಲೇ ಓದಿರಬೇಕು, ಇಲ್ಲದಿದ್ದರೆ ಹುಡುಗಿ ಸ್ಥಳೀಯಳಲ್ಲ. ಸ್ಥಳೀಯರಲ್ಲದವರಿಗೆ ಉಳಿಯುವ ಸೀಟುಗಳು ಬೆರಳೆಣಿಕೆಯಷ್ಟು, ಅವಕ್ಕೆ ಈ ರ‍್ಯಾಂಕು ಸಾಲದು. ಇದೇ ನಿಯಮವನ್ನು ತೋರಿಸಿ ಸುಭದ್ರಾಬಾಯಿ ಎಷ್ಟು ಮಕ್ಕಳನ್ನು ವಾಪಸು ಕಳಿಸಿದ್ದರೋ!

“ಗುಲಬರ್ಗಾದಾಗರೆ ಅರ್ಜಿ ಹಾಕಿ ನೋಡೋಣ್ರಿ,” ಎಂದರು ದತ್ತಾತ್ರೇಯರಾವ್, ಹೊರಗಿನ ಬೆಂಚಿನ ಮೇಲೆ ಕೂತು.

“ಅಲ್ಲಿ ಏಳು ವರ್ಷ ಓದಿರಬೇಕ್ರಿ,” ಎಂದರು ಬಾಯಿ. “ಇಕಿದು ಒಂದ ಐತಿ.”

ಮೂರು ದಿನದ ಮೇಲೆ ದತ್ತಾತ್ರೇಯರಾವ್ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಪಟಾನ್‌ಚೆರು ಕಡೆಯ ಒಂದು ಖಾಸಗಿ ಶಾಲೆಯವರು, ಒಂಬತ್ತನೇದು ನಮ್ಮಲ್ಲೇ ಓದಿದ್ದಾಳೆ ಎಂದು ಬರೆದುಕೊಡಲು ತಯಾರಿದ್ದಾರಂತೆ. ಕಚೇರಿಯಲ್ಲಿ ಗುರುತಿನವರಿಗೆ ಬಾಯಿ ಒಂದು ಮಾತು ಹೇಳಿದರೆ ಸಾಕು.

“ಆಗೂದಿಲ್ರಿ,” ಎಂದರು ಸುಭದ್ರಾಬಾಯಿ.

“ಪಾಪ, ನಿಮಗರೆ ಆ ಕಾನೂನು ಹೆಂಗ ನೆನಪಿರಬೇಕು? ನಿಮ್ಮ ತಪ್ಪಲ್ಲ. ಈಗ ಇದೊಂದು ಮಾಡಿ ಕೊಡ್ರಿ.”

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಮರೆವಿನ ಮುದುಕಿ ಎಂದು ಅವರೇ ಕ್ಷಮಿಸಿ ಮುಂದಕ್ಕೆ ಹೋಗುತ್ತಿದ್ದರು, ಶಾಮಲಾ ಭಾನುವಾರ ಬರುತ್ತಿದ್ದಳು. ಸುಭದ್ರಾಬಾಯಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳನ್ನು ಕಳಕೊಳ್ಳುವ ಹೆದರಿಕೆಯೂ ಇತ್ತು. ಆದರೆ ಆ ಕ್ಷಮೆಯನ್ನು ಹೊದ್ದುಕೊಂಡು ಅವಳ ಎದುರಿಗೆ ಕೂತು ಅವಲಕ್ಕಿ ತಿನ್ನುವುದು ಅವರಿಂದ ಆಗದ ಕೆಲಸ.

“ನೆನಪಿತ್ತು,” ಎಂದರು. “ರಿಟಾಯರ್ ಆಗೂತನಕ ನನ್ನ ಮೇಜಿನ ಮ್ಯಾಲ ಇದ್ದ ಕಾನೂನು ಅದು. ನೀವು ಗುಲಬರ್ಗಾಕ್ಕ ಟಿಕೀಟ ತಗದ ದಿನಾನ ನೆನಪಾಗಿತ್ತು. ಅದು ಕಚೇರಿಗೆ ಬಂದ ಮಂದಿಗೆ, ನಮ್ಮ ಹುಡುಗಿಗೇನು, ಆಗ ನೋಡಿದ್ರಾತು ಅಂದ್ಕೊಂಡೆ. ಇಕಿ ಕನ್ನಡ ಕಲ್ತು ಬರ್ಲಿ ಅಂತ ನನಗ ಆಸೆ ಇತ್ತು. ನನ್ನ ಆಸೆ.”

ದತ್ತಾತ್ರೇಯರಾವ್ ಎದ್ದು ನಿಂತರು. ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ಶಾಮಲಾ ಕೂತೇ ಇದ್ದಳು.

“ಪುಸ್ತಕ ಒಂದು ನೀವು ಯಾವತ್ತೂ ಆರಿಸಿ ಕೊಡ್ಲಿಲ್ಲ ಮೌಶಿ,” ಎಂದಳು. “ವರ್ಷ ಮಾತ್ರ ನೀವ ಆರಿಸಿದ್ರಿ. ನನ್ನ ಒಂದ್ ಮಾತು ಕೇಳಬಹುದಿತ್ತಲ್ಲ?”

ಅವಳು ಅಳಲಿಲ್ಲ. ಅತ್ತಿದ್ದರೆ ಸುಭದ್ರಾಬಾಯಿ ಹತ್ತಿರ ಹೋಗಿ ತಲೆ ಸವರುತ್ತಿದ್ದರೇನೋ. ಸುಳ್ಳು ಕಾಗದ ಆಗಲಿಲ್ಲ, ಸೀಟೂ ಆಗಲಿಲ್ಲ. ಶಾಮಲಾ ಊರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಳೆಂದು ತರಕಾರಿ ಅಂಗಡಿಯಲ್ಲಿ ಯಾರೋ ಹೇಳಿದರು.

ಭಾನುವಾರಗಳು ಬಂದವು. ಹತ್ತನೇ ಕ್ಲಾಸಿನವರು ಕೋಚಿಂಗಿಗೆ ಹೋದರು, ಉಳಿದವರು ಇಬ್ಬರು, ಆಮೇಲೆ ಒಬ್ಬ. ಒಬ್ಬನಿಗಾಗಿಯೂ ಬಾಯಿ ಹತ್ತಕ್ಕೆ ಚಾಪೆ ಹಾಸುತ್ತಿದ್ದರು. ಗೇಟಿನ ಸದ್ದಾದರೆ ಸಾಕು, ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದರು. ಶಾಮಲಾ ಜಗಳಾಡಲಿಕ್ಕಾದರೂ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು. ಹಾಲಿನವನ ಹತ್ತಿರ ಹವೆಯ ಬಗ್ಗೆ ಮಾತು ಬೆಳೆಸುವುದನ್ನೂ ಕಲಿತರು, ಪಾಪ. ಅವನಿಗೆ ಮುಂದಿನ ಮನೆಯ ಅವಸರ.

ಎಂಟು ತಿಂಗಳ ಮೇಲೆ ಶಾಮಲಾ ಬಂದಳು, ಅದೂ ಬುಧವಾರ. ಒಂದು ವಿದ್ಯಾರ್ಥಿವೇತನದ ಅರ್ಜಿ ಕೈಯಲ್ಲಿತ್ತು. ಅದಕ್ಕೆ ನಿವೃತ್ತ ಸರಕಾರಿ ನೌಕರರೊಬ್ಬರು ತಾವು ಅಭ್ಯರ್ಥಿಯನ್ನು ಬಲ್ಲೆವೆಂದು ಬರೆದು ಸಹಿ ಮಾಡಬೇಕಿತ್ತು. ಎಲ್ಲ ಕಾಲಂಗಳನ್ನೂ ಅವಳೇ ತಪ್ಪಿಲ್ಲದೆ ತುಂಬಿದ್ದಳು, ನೋಡಿ ಹೇಳಲು ಏನೂ ಉಳಿದಿರಲಿಲ್ಲ.

“ಚಹಾ ಇಡ್ಲೇನವಾ?”

“ಬ್ಯಾಡ್ರಿ, ಕಾಲೇಜಿಗೆ ವ್ಯಾಳ್ಯಾ ಆಗ್ತೈತಿ.”

ಸುಭದ್ರಾಬಾಯಿ ಕನ್ನಡಕ ಹಾಕಿಕೊಂಡು ತಮ್ಮ ಹೆಸರು ಬರೆದರು, ಹುದ್ದೆ ಬರೆದರು, ಎಷ್ಟು ವರ್ಷದಿಂದ ಬಲ್ಲಿರಿ ಎಂಬಲ್ಲಿ ಆರು ಎಂದು ಬರೆದರು. ಅದರ ಕೆಳಗೆ, ಅಭ್ಯರ್ಥಿಗೆ ನೀವು ಏನಾಗಬೇಕು ಎಂದಿತ್ತು. ಪೆನ್ನು ಅಲ್ಲಿ ನಿಂತಿತು. ಅವರು ತಲೆ ಎತ್ತಿ ಹುಡುಗಿಯ ಮುಖ ನೋಡಿದರು. ಏನು ಬರೆಯಲಿ ಎಂದು ಕೇಳಿಯೂ ಬಿಟ್ಟರು.

ಶಾಮಲಾಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಪರಿಚಯದವರು ಅಂತ ಬರೀರಿ,” ಎಂದಳು.

ಸುಭದ್ರಾಬಾಯಿ ದುಂಡಗಿನ ಅಕ್ಷರದಲ್ಲಿ ಹಾಗೆಯೇ ಬರೆದು, ಶಾಯಿ ಒಣಗುವ ತನಕ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಕೊಟ್ಟರು.