ಸಣ್ಣ ಕಾರಿನಲ್ಲಿ ಅವ್ವ

ಅವ್ವನ ಎಡಭಾಗಕ್ಕೆ ಲಕ್ವಾ ಹೊಡೆದ ಮರುವರ್ಷ ಮನೆಯಲ್ಲಿ ಕಾರಿನ ಮಾತು ಬಂತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲುವೆ ನೀರಿಗೆ ಎಮ್ಮಿಗನೂರಿನ ನಮ್ಮ ಹೊಲದಲ್ಲಿ ವರ್ಷಕ್ಕೆ ಎರಡು ಸಲ ಭತ್ತ ಬರುತ್ತಿತ್ತು, ಕಬ್ಬೂ ಇತ್ತು. ಹದಿನೈದು ದಿನಕ್ಕೊಮ್ಮೆ ಹೊಸಪೇಟೆಯ ಆಸ್ಪತ್ರೆಗೆ ಹೋಗಲು ಅವ್ವನನ್ನು ಎತ್ತಿ ಬಸ್ಸು ಹತ್ತಿಸುವುದೇ ನಮಗಿದ್ದ ದೊಡ್ಡ ಕಷ್ಟ.

ಅಪ್ಪನ ಮನಸ್ಸು ಹಿಂದೆ ಡಿಕ್ಕಿ ಚಾಚಿಕೊಂಡಿರುವ ಉದ್ದನೆಯ ಕಾರಿನ ಮೇಲಿತ್ತು. ನನಗೆ ಹಿಂಭಾಗ ಮೊಟಕಾದ ಸಣ್ಣ ಕಾರು ಬೇಕಿತ್ತು. ಆಗ ನನಗೆ ಇಪ್ಪತ್ನಾಲ್ಕು.

“ಉದ್ದ ಕಾರಾದ್ರ ಹಿಂದಿನ ಸೀಟಿನ್ಯಾಗ ಅಕಿನ್ನ ಮಲಗಿಸ್ಕೊಂಡು ಹೋಗಾಕ ಬರ್ತೈತಿ,” ಅಂದ ಅಪ್ಪ.

“ನಮ್ಮ ಓಣಿಯೊಳಗ ಅದು ಹೊಳ್ಳಂಗಿಲ್ಲಪ್ಪಾ. ಕಾಲುವೆ ಏರಿ ಮ್ಯಾಲಂತೂ ಭಾಳ ಕಷ್ಟ,” ಅಂದೆ. ಅದು ಸುಳ್ಳಲ್ಲ. ಆದರೆ ಹೊಸ ಕಾರಿನಲ್ಲಿ ಕಂಪ್ಲಿ ಪೇಟೆ ಸುತ್ತುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಕೊನೆಗೆ ಅವ್ವನನ್ನೇ ಕಾರಿನ ಶೋರೂಮಿಗೆ ಕರೆದುಕೊಂಡು ಹೋಗಿ ಎರಡರಲ್ಲೂ ಕೂರಿಸಿದೆವು. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಸಣ್ಣದ ಇರ್ಲಿ. ಎಲ್ಲಾರೂ ಹತ್ರ ಕುಂದರ್ತೀರಿ,” ಎಂದು ತೊದಲಿದಳು. ಆ ವಾರವೇ ಅಪ್ಪ ಸಣ್ಣ ಕಾರಿಗೆ ಹಣ ಕಟ್ಟಿದ.

ಎರಡು ವರ್ಷ ಅದರಲ್ಲೇ ಓಡಾಡಿದೆವು. ಒಂದು ಮಾಗಿಯ ಬೆಳಿಗ್ಗೆ ಅವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯ ವ್ಯಾನು ಬೇರೆ ಊರಿಗೆ ಹೋಗಿತ್ತು. ಹೊರಗಿದ್ದ ಟ್ಯಾಕ್ಸಿಯವರು ಹೆಣ ಹಾಕಿಕೊಳ್ಳಲು ಒಪ್ಪಲಿಲ್ಲ. ಒಂದು ತಾಸು ಕಾದ ಮೇಲೆ ಅಪ್ಪ, “ನಮ್ಮ ಕಾರಿನ್ಯಾಗ ಒಯ್ಯೋಣು ನಡಿ,” ಅಂದ.

ಮಲಗಿಸಿ ನೋಡಿದೆವು. ಬಾಗಿಲು ಮುಚ್ಚಲಿಲ್ಲ. ಕೊನೆಗೆ ಕೂರಿಸಿದೆವು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ವಡ್ಡು ಗ್ರಾಮಕ್ಕೆ ಮದುವೆ ಮಾಡಿ ಕೊಟ್ಟಿದ್ದ, ಅವ್ವನ ಆರೈಕೆಗೆಂದು ಬಂದಿದ್ದ ನನ್ನ ಅಕ್ಕ, ನಡುವೆ ಅವ್ವ. ಅಕ್ಕ ಅವ್ವನ ತಲೆಯ ಮೇಲೆ ಸೆರಗು ಎಳೆದು, ತನ್ನ ಹೆಗಲಿಗೆ ಒರಗಿಸಿಕೊಂಡಳು. ಕಮಲಾಪುರ ದಾಟಿದರೂ ನಾನು ಕನ್ನಡಿ ನೋಡಲಿಲ್ಲ.

ಕಂಪ್ಲಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಬಂಡಿಗಳು ಸಾಲುಗಟ್ಟಿ ನಿಂತಿದ್ದವು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಸಿಕ್ಕಿಕೊಂಡೆವು. ನಮ್ಮೂರಿನ ರೈತನೊಬ್ಬ ಕಾರಿನ ಗುರುತು ಹಿಡಿದು, ಬಂಡಿಯಿಂದ ಜಲ್ಲೆ ಎಳೆದು ಮುರಿದುಕೊಂಡು ನಗುತ್ತ ಬಂದ.

“ಅಮ್ಮಾರು ಮಲಗ್ಯಾರೇನು? ಏಳಿಸಬ್ಯಾಡ್ರಿ. ಎದ್ದ ಮ್ಯಾಲ ಕೊಡ್ರಿ,” ಎಂದು ಕಿಟಕಿಯೊಳಗೆ ಚಾಚಿದ.

ಅಕ್ಕ ಇಸಿದುಕೊಂಡಳು. ಎಲ್ಲಿಡಬೇಕೆಂದು ತಿಳಿಯದೆ ಅವ್ವನ ಮಡಿಲಲ್ಲೇ ಇಟ್ಟಳು.

ಅಪ್ಪ ಬಾಗಿಲು ತೆರೆದು ಇಳಿದ. “ಮಲಗಿಲ್ಲಪ್ಪಾ. ಸತ್ತಾಳ. ದಾರಿ ಬಿಡ್ರಿ.”

ಆ ರೈತ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ಬಗ್ಗಿ ಒಳಗೆ ನೋಡಿದ. “ಹಿಂಗ್ಯಾಕ ಕುಂದ್ರಿಸೀರಿ?” ಅಂದ. ಅವನು ಕೂಗಿದ್ದಕ್ಕೆ ಐದಾರು ಜನ ಓಡಿಬಂದು, ಬಂಡಿಗಳನ್ನು ಸರಿಸಿ ದಾರಿ ಮಾಡಿದರು. ಕಬ್ಬು ಇಳಿಸಿ ವಾಪಸ್ಸು ಬರುತ್ತಿದ್ದ ಖಾಲಿ ಬಂಡಿಯೊಂದನ್ನು ನಿಲ್ಲಿಸಿ, ಕಬ್ಬಿನ ಸೋಗೆ ಹಾಸಿ, ಅವ್ವನನ್ನು ಅದರ ಮೇಲೆ ಮಲಗಿಸಿದರು. ಅಷ್ಟೊತ್ತಿಗೆ ಮೊಣಕಾಲು ಮಡಚಿದಂತೆಯೇ ಸೆಟೆದಿದ್ದವು. ನಮ್ಮಲ್ಲಿ ಮಲಗಿಸಿಯೇ ಮಣ್ಣು ಮಾಡುವುದು. ಅಪ್ಪ ಬಂಡಿ ಹತ್ತಿ, ಎರಡೂ ಮೊಣಕಾಲಿನ ಮೇಲೆ ಅಂಗೈ ಇಟ್ಟು, ಊರು ಬರುವ ತನಕ ಮೆಲ್ಲಗೆ ಒತ್ತುತ್ತಲೇ ಇದ್ದ. ಅಕ್ಕ ತಲೆಯ ಹತ್ತಿರ ಕೂತಿದ್ದಳು. ನಾನೊಬ್ಬನೇ ಖಾಲಿ ಕಾರನ್ನು ಎತ್ತಿನ ಹೆಜ್ಜೆಗೆ ಸರಿಯಾಗಿ ನಡೆಸಿಕೊಂಡು ಹಿಂದೆ ಬಂದೆ.

ಅಪ್ಪ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅಕ್ಕ ಹೊರಟಳು. “ಕಾರಿನ್ಯಾಗ ಬಿಟ್ಟು ಬರ್ತೀನಿ,” ಅಂದೆ.

“ಬ್ಯಾಡೋ ತಮ್ಮಾ. ಬಸ್ಸಿಗೆ ಹೋಗ್ತೀನಿ.”

ಅವಳ ಚೀಲ ಹೊತ್ತು ಜೊತೆಗೆ ನಡೆದೆ. ಬಸ್ಸು ತಡವಾಗಿ ಬಂತು. ಮನೆಗೆ ಬಂದಾಗ ಅಪ್ಪ ಕುಡಗೋಲು ಹಿಡಿದು ಹೊಲಕ್ಕೆ ಹೋಗಿದ್ದ. ಕಾರ್ಖಾನೆಗೆ ಕಬ್ಬು ಕಡಿಯುವ ಸರದಿ ಆ ವಾರ ನಮ್ಮದಾಗಿತ್ತು.