ರೋಸಾಳ ಎರಡು ವರ್ಷ ಹಳೆಯ ದಾರಿ

ನಮ್ಮೂರಿನ ಓದುಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಬೆಳಿಗ್ಗೆ ನಾನು ಬೀಗ ತೆಗೆಯಲು ಬರುವ ಹೊತ್ತಿಗೆ ತೆಮೆನುಗಾ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಳಗೆ ಬಂದವಳೇ ಕೋಟು ಕೂಡ ಬಿಚ್ಚದೆ ಹಕ್ಕಿಗಳ ನಕಾಶೆ ತೆರೆಯುತ್ತಿದ್ದಳು. ಅದರಲ್ಲಿ ಒಂದು ಬಿಳಿ ರಣಹದ್ದಿನ ದಾರಿಯನ್ನು ಮಾತ್ರ ನೋಡಿ ಎದ್ದು ಹೋಗುತ್ತಿದ್ದಳು. ಆ ಹಕ್ಕಿಯ ಹೆಸರು ರೋಸಾ, ಅಂದರೆ ಇಬ್ಬನಿ.

ಹೆಸರಿಟ್ಟವನು ಅವಳ ಗಂಡ ಸ್ತಾಮೆನ್. ಗಂಡಹೆಂಡತಿ ಇಬ್ಬರೂ ರಣಹದ್ದು ಕಾಯುವ ಕೆಲಸದಲ್ಲಿದ್ದರು. ಆರ್ದಾ ನದಿಯ ಮೇಲಿನ ಬಂಡೆಗಳಲ್ಲಿ ಗೂಡು ಕಟ್ಟುವ ಜೋಡಿಗಳನ್ನು ಅವಳು ಕೆಳಗಿನಿಂದ ದುರ್ಬೀನು ಹಿಡಿದು ಗಮನಿಸುತ್ತಿದ್ದಳು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೂಡಿಗೆ ಇಳಿಯುತ್ತಿದ್ದ. ರೋಸಾ ಇನ್ನೂ ರೆಕ್ಕೆ ಬಲಿಯದ ಮರಿಯಾಗಿದ್ದಾಗ ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಕಟ್ಟಿದವನು ಅವನೇ. ಬಿಸಿಲಿನಿಂದ ನಡೆಯುವ ಆ ಯಂತ್ರ, ಹಕ್ಕಿ ಎಲ್ಲಿದೆ ಎಂಬುದನ್ನು ಉಪಗ್ರಹದ ಮೂಲಕ ತಿಳಿಸುತ್ತಿತ್ತು. ಸ್ತಾಮೆನ್ ಬಂಡೆ ಇಳಿದದ್ದು ಅದೇ ಕೊನೆ. ಆ ಚಳಿಗಾಲದಲ್ಲಿ, ಸೌದೆ ಒಡೆಯುತ್ತಿದ್ದವನು ಕುಸಿದು ಬಿದ್ದು ತೀರಿಕೊಂಡ.

ಅಲ್ಲಿಂದಾಚೆಗೆ ತೆಮೆನುಗಾಳಿಗೆ ರೋಸಾ ಬರೀ ಹಕ್ಕಿಯಾಗಿ ಉಳಿಯಲಿಲ್ಲ. "ಅವನು ಹಾಕಿದ ಗಂಟು ಇನ್ನೂ ಬಿಚ್ಚಿಲ್ಲ ನೋಡು. ಚಾಡ್ ದೇಶದ ಮೇಲೆ ಹಾರ್ತಾ ಇದೆ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಇಂಥ ಹಕ್ಕಿಗಳ ವಿವರವೆಲ್ಲ ಸೇರುವುದು ಪ್ಲೋವ್ದಿವ್‌ ನಗರದಲ್ಲಿರುವ ಒಂದು ಸಂಶೋಧನಾ ಕೇಂದ್ರದ ಮಾಹಿತಿ ಕೋಶಕ್ಕೆ. ಹಿಂದೆ ಅದಕ್ಕೆ ಕದವೇ ಇರಲಿಲ್ಲ. ಯಾವ ಹಕ್ಕಿ ಎಲ್ಲಿದೆ, ಯಾವ ಗೂಡು ಯಾವ ಬಂಡೆಯಲ್ಲಿದೆ, ಯಾರು ಬೇಕಾದರೂ ನೋಡಬಹುದಿತ್ತು. ವಿಜ್ಞಾನ ಎಲ್ಲರ ಸೊತ್ತು ಎಂಬುದು ಅಲ್ಲಿಯವರ ಹೆಮ್ಮೆ. ಒಂದು ವಸಂತದಲ್ಲಿ ಕಳ್ಳರು ಅದನ್ನೇ ನೋಡಿಕೊಂಡು ಬಂದು ನಮ್ಮ ಬಂಡೆಯ ಮೊಟ್ಟೆಗಳನ್ನು ಹೊತ್ತೊಯ್ದರು. ತಾಯಿಹಕ್ಕಿ ಬರಿಗೂಡಿನ ಮೇಲೆ ಕಾವು ಕೂತದ್ದನ್ನು ತೆಮೆನುಗಾ ದಿನವಿಡೀ ಕಣ್ಣಾರೆ ಕಂಡಳು.

ಆಮೇಲೆ ನಿಯಮ ಮಾಡಲು ಸಭೆ ಸೇರಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಪಟ್ಟು ಹಿಡಿದವಳು ಅವಳೇ. ಗೂಡಿನ ಜಾಗವನ್ನು ಹೊರಗಿನವರಿಗೆ ಎಂದೂ ತೋರಿಸಬಾರದು. ಹಕ್ಕಿಯ ದಾರಿ ಆಯಾ ದಿನವೇ ಕಾಣುವುದು ಕೆಲಸದಲ್ಲಿ ಇರುವವರಿಗೆ ಮಾತ್ರ. ಮಿಕ್ಕವರಿಗೆ ಎರಡು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲೇ ಬೇಕೆನ್ನುವವರು ಯಾವ ಅಧ್ಯಯನಕ್ಕೆ ಎಂದು ತಿಳಿಸಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಒಳಗೆ ಕಂಡದ್ದನ್ನು ಯಾರಿಗೂ ದಾಟಿಸಬಾರದು, ಬಾಯಿಮಾತಿನಲ್ಲಿ ಕೂಡ. ಆ ಕೊನೆಯ ಮಾತನ್ನು ಹಟ ಮಾಡಿ ಸೇರಿಸಿದ್ದೂ ಅವಳೇ. ಮನೆಗೆ ಬಂದು ಹೇಳಿದಾಗ ಸ್ತಾಮೆನ್ ನಕ್ಕಿದ್ದನಂತೆ. "ಬೀಗ ಭದ್ರವಾಗಿದೆ ಕಣೇ. ನಾಳೆ ನೀನೇ ಹೊರಗುಳಿದ್ರೆ ಏನ್ಮಾಡ್ತೀಯ?"

ಅವನು ಹೋದ ಮರುವರ್ಷ ಹಾಗೇ ಆಯಿತು. ಅವರು ಕೆಲಸಕ್ಕಿದ್ದ ನಮ್ಮೂರಿನ ಹದ್ದು ಕಾವಲು ಕೇಂದ್ರ ಮುಚ್ಚಿ, ಕೆಲಸವೆಲ್ಲ ಪ್ಲೋವ್ದಿವ್‌ಗೆ ಹೋಯಿತು. ಒಂದು ಸೋಮವಾರ ತೆಮೆನುಗಾಳ ಪಾಸ್‌ವರ್ಡ್ ಒಳಗೆ ಬಿಡಲಿಲ್ಲ. ಅಂದಿನಿಂದ ಅವಳೂ ಮಿಕ್ಕವರಲ್ಲಿ ಒಬ್ಬಳು. ಅರ್ಜಿ ಹಾಕಿದಳು. ಯಾವ ಅಧ್ಯಯನಕ್ಕೆ ಎಂಬ ಪ್ರಶ್ನೆಗೆ ಸುಳ್ಳು ಹೊಂದಿಸಲು ಬಾರದೆ, ಹಕ್ಕಿ ಹೇಗಿದೆ ಎಂದು ತಿಳಿಯಬೇಕು ಎಂದಷ್ಟೇ ಬರೆದಳು. ಸಮಿತಿ ವಿನಯದಿಂದಲೇ ಇಲ್ಲವೆಂದಿತು.

ಈಗ ಕೋಶವನ್ನು ನೋಡಿಕೊಳ್ಳುವವಳು ಕಾಲಿನಾ. ಓದು ಮುಗಿಸಿದ ಹೊಸತರಲ್ಲಿ ನಮ್ಮ ಬಂಡೆಯ ಕೆಳಗೆ ಡೇರೆ ಹಾಕಿಕೊಂಡು ತೆಮೆನುಗಾಳ ಜೊತೆ ಬೇಸಿಗೆಗಳನ್ನು ಕಳೆದವಳು. ಅವಳನ್ನು ಸ್ವಂತ ಅತ್ತೆಯ ಹಾಗೆ "ಲೆಲ್ಯಾ" ಎಂದು ಕರೆಯುವವಳು. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಮಂಡಿನೋವು, ಒಲೆಯಲ್ಲಿಟ್ಟ ಬನಿತ್ಸಾ ಸೀದುಹೋದದ್ದು, ಪಕ್ಕದ ಮನೆಯ ಮೇಕೆ, ಎಲ್ಲ ಮುಗಿದ ಮೇಲೆ ತೆಮೆನುಗಾ, ಆ ಕಡೆ ಎಲ್ಲ ಕ್ಷೇಮವಾ ಎನ್ನುತ್ತಿದ್ದಳು. ಯಾರ ಕ್ಷೇಮ ಕೇಳುತ್ತಿದ್ದಾಳೆ ಎಂದು ಕಾಲಿನಾಗೆ ತಿಳಿಯದೇ ಇರುತ್ತಿರಲಿಲ್ಲ. ತನ್ನ ಮಕ್ಕಳ ಕ್ಷೇಮ ಹೇಳಿ ಫೋನ್ ಇಡುತ್ತಿದ್ದಳು.

ಹಾಗಾಗಿ ತೆಮೆನುಗಾಳಿಗೆ ಉಳಿದದ್ದು ನಮ್ಮ ಓದುಮನೆ, ಮತ್ತು ಎರಡು ವರ್ಷ ಹಳೆಯ ದಾರಿ. ದಿನಕ್ಕೆ ಒಂದು ಹೊಸ ಚುಕ್ಕೆ ಸೇರುತ್ತಿತ್ತು. ಪತ್ರಿಕೆ ಓದಲು ಬರುವ ಮುದುಕ ದಿಂಕೊ, ಹಿರಿಯನೆಂದು ಎಲ್ಲರೂ ಬಾಯ್ ದಿಂಕೊ ಎನ್ನುವವನು, ಕೆಣಕದೇ ಬಿಡುತ್ತಿರಲಿಲ್ಲ. "ಹೋದ ವರ್ಷದ ಹಿಂದಿನ ವರ್ಷ ಬಂದ ಮಳೆಗೆ ಇವತ್ತು ಕೊಡೆ ಹಿಡೀತಾಳೆ ಇವಳು."

"ನೀನು ಹುಡುಗನಾಗಿದ್ದಾಗ ಸೋತ ಫುಟ್‌ಬಾಲ್ ಪಂದ್ಯಾನ ದಿನಾ ಗೆಲ್ತೀಯಲ್ಲ, ಬಾಯ್ ದಿಂಕೊ. ಅದಕ್ಕಿಂತ ಇದು ವಾಸಿ," ಎನ್ನುತ್ತಿದ್ದಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಈ ಹದ್ದಿನ ಮರಿಗಳು ಮೊದಲ ಕೆಲವು ವರ್ಷ ಆಫ್ರಿಕಾದಲ್ಲೇ ಬೆಳೆದು, ಆಮೇಲೆ ಒಂದು ವಸಂತದಲ್ಲಿ ಹುಟ್ಟಿದ ಬಂಡೆಯ ಕಡೆ ಮುಖ ಮಾಡುತ್ತವೆ. ಒಂದು ಮಾರ್ಚ್ ಬೆಳಿಗ್ಗೆ ತೆಮೆನುಗಾ ನನ್ನನ್ನು ಮೆಲ್ಲಗೆ ಕರೆದಳು. ರೋಸಾಳ ಗೆರೆ ಉತ್ತರಕ್ಕೆ ತಿರುಗಿತ್ತು. ಅಂದಿನಿಂದ ಓದುಮನೆಗೆ ಬೇರೆಯೇ ಕಳೆ ಬಂತು. ಸೂಯೆಜ್ ದಾಟಿತು ಎಂದರೆ ಅಂಗಡಿಯವಳಿಗೂ ಸುದ್ದಿ. ದಿಂಕೊ ಪತ್ರಿಕೆ ಮಡಚಿಟ್ಟು ಅವಳ ಹಿಂದೆ ಬಂದು ನಿಲ್ಲತೊಡಗಿದ. ವಸಂತದ ಮೊದಲ ಹೂವೋ ವಲಸೆಯಿಂದ ಮರಳಿದ ಹಕ್ಕಿಯೋ ಕಾಣುವ ತನಕ ಎಂದು ಕೈಗೆ ಕಟ್ಟಿಕೊಂಡ ಕೆಂಪುಬಿಳಿ ದಾರವನ್ನು ನಾವೆಲ್ಲ ಪ್ಲಮ್ ಮರ ಹೂ ಬಿಟ್ಟ ಕೂಡಲೇ ಬಿಚ್ಚಿದೆವು, ಅವಳು ಬಿಚ್ಚಲಿಲ್ಲ.

ರೋಸಾ ಎರಡು ವರ್ಷದ ಹಿಂದೆಯೇ ಬಂದಿದ್ದರೆ ನಮ್ಮ ಬಂಡೆಯಲ್ಲಿ ಯಾರ ಕಣ್ಣಿಗಾದರೂ ಬೀಳಬೇಕಿತ್ತಲ್ಲ ಎಂಬ ಯೋಚನೆ ನನಗೆ ಬಾರದೆ ಇರಲಿಲ್ಲ. ಅವಳಿಗೂ ಬಂದಿತ್ತು. ಗಡಿಯಾಚೆ ಗ್ರೀಕರ ಕಡೆ ಜೋಡಿ ಸಿಕ್ಕಿರಬೇಕು ಎಂದು, ನಾನು ಕೇಳುವ ಮೊದಲೇ ಹೇಳಿದಳು.

ಗೆರೆ ಟರ್ಕಿಯ ಒಳನಾಡಿನವರೆಗೆ ಬಂತು. ಮರುದಿನ ಚುಕ್ಕೆ ಅಲ್ಲೇ ಇತ್ತು. ಅದರ ಮರುದಿನವೂ ಅಲ್ಲೇ. ಆಮೇಲೆ ಹೊಸ ಚುಕ್ಕೆ ಬರಲಿಲ್ಲ. ತೆಮೆನುಗಾ ಅಲ್ಲಿಂದಲೇ ಕಾಲಿನಾಗೆ ಫೋನ್ ಮಾಡಿದಳು. ಕಿವಿ ಮಂದವಾದ್ದರಿಂದ ಅವಳ ಫೋನಿನ ಮಾತು ಕೋಣೆಗೆಲ್ಲ ಕೇಳುತ್ತದೆ.

"ನಿನಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು, ಲೆಲ್ಯಾ."

"ಯಂತ್ರ ಕಳಚಿ ಬಿದ್ದದ್ದಾ?"

"ಅಲ್ಲ. ಕರೆಂಟ್ ಕಂಬ. ಅಲ್ಲಿಯವರೊಬ್ರು ಹೋಗಿ ನೋಡಿ ಬಂದ್ರು."

"ಇಷ್ಟು ದಿನ ಪ್ರತಿ ಭಾನುವಾರ ನನ್ನ ಜೊತೆ ಮಾತಾಡಿದೀಯ."

"ಬಾಯಿಮಾತಿನಲ್ಲೂ ಬೇಡ ಅಂತ ಬರೆಸಿದ್ದು ನೀವೇ, ಲೆಲ್ಯಾ." ಕಾಲಿನಾಳ ದನಿ ಒಡೆದಿತ್ತು. "ಪ್ರತಿ ಸಲ ನಾಲಿಗೆ ತುದೀಗೆ ಬರ್ತಿತ್ತು."

ತೆಮೆನುಗಾ ಫೋನ್ ಇಟ್ಟು ಮನೆಗೆ ಹೋದಳು. ಆ ಬೇಸಿಗೆ ಇಬ್ಬರ ನಡುವೆ ಮಾತು ನಿಂತಿತು. ಬೆಳಿಗ್ಗೆ ನನ್ನ ಓದುಮನೆಯ ಮೆಟ್ಟಿಲೂ ಬರಿದಾಯಿತು.

ಶರತ್ಕಾಲದಲ್ಲಿ ನಿಯಮಗಳನ್ನು ಮತ್ತೆ ನೋಡಲು ಪ್ಲೋವ್ದಿವ್‌ನಲ್ಲಿ ಸಭೆ ಕರೆದರು. ಮೊದಲ ನಿಯಮ ಮಾಡುವಾಗ ಇದ್ದವಳೆಂದು ತೆಮೆನುಗಾಳನ್ನೂ ಕರೆದಿದ್ದರು; ಅವಳೊಬ್ಬಳೇ ಹೋಗುವುದು ಬೇಡವೆಂದು ನಾನೂ ಬಸ್ಸು ಹತ್ತಿದೆ. ನಡೆದ ಸಂಗತಿ ಅಲ್ಲಿ ಎಲ್ಲರಿಗೂ ತಿಳಿದಿತ್ತು. ಎರಡು ವರ್ಷವನ್ನು ಕೆಲವು ತಿಂಗಳಿಗೆ ಇಳಿಸೋಣ ಎಂದು ಒಬ್ಬ ಪ್ರಾಧ್ಯಾಪಕರು, ಅವಳಿಗೆ ಹಿತವಾಗಲೆಂದೇ, ಸೂಚಿಸಿದರು. ತೆಮೆನುಗಾ ಒಪ್ಪಲಿಲ್ಲ. ಕಳ್ಳರು ಈಗಲೂ ಇದ್ದಾರೆ, ಒಂದು ದಿನವೂ ಕಡಿಮೆ ಮಾಡಕೂಡದು ಎಂದಳು. ತನಗೆ ಬೇಕಾದದ್ದು ಬೇರೆ: ಹಕ್ಕಿ ಸತ್ತರೆ, ಅದಕ್ಕೆ ಯಂತ್ರ ಕಟ್ಟಿದವರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ, ಸುದ್ದಿ ಮುಟ್ಟಿಸಬೇಕು. ಎಲ್ಲಿ, ಹೇಗೆ ಎಂಬುದು ಬೇಡ. ಸತ್ತಿದೆ ಎಂದಷ್ಟೇ.

ಆಗಲೇ ಹೇಳಿದ್ದರೆ ಏನು ಸಮಾಧಾನ ಸಿಗುತ್ತಿತ್ತು ಎಂದು ಪ್ರಾಧ್ಯಾಪಕರು ಮೃದುವಾಗಿ ಕೇಳಿದರು.

"ಸಮಾಧಾನ ಏನೂ ಇಲ್ಲ, ಸ್ವಾಮಿ," ಎಂದಳು. "ಬರ್ತಾಳೆ ಅಂತ ಎರಡು ವಸಂತ ಬಂಡೆ ಕೆಳಗೆ ಕೂತೆ. ಅಳಬೇಕಾದ ಹೊತ್ತಲ್ಲಿ ಆಕಾಶ ನೋಡ್ತಾ ಇದ್ದೆ. ಅಷ್ಟೇ."

ಆ ಸಾಲು ನಿಯಮಕ್ಕೆ ಸೇರಿತು. ಹೊರಗೆ ಬಂದಾಗ ಕಾಲಿನಾ ಬಾಗಿಲ ಬಳಿ ನಿಂತಿದ್ದಳು. ಇಬ್ಬರೂ ಜೊತೆಯಾಗಿ ಬಸ್ ನಿಲ್ದಾಣದವರೆಗೆ ನಡೆದರು. ನಾನು ಹಿಂದೆ ಉಳಿದೆ. ಭಾನುವಾರದ ಫೋನ್ ಮತ್ತೆ ಶುರುವಾಗಿದೆ. ಆ ಕಡೆಯ ಕ್ಷೇಮ ಕೇಳುವಾಗ ತೆಮೆನುಗಾ ಈಗ ಮಕ್ಕಳ ಹೆಸರು ಹಿಡಿದೇ ಕೇಳುತ್ತಾಳೆ.

ಓದುಮನೆಗೆ ಅಪರೂಪಕ್ಕೆ ಬರುತ್ತಾಳೆ. ಬಂದರೆ ನಕಾಶೆಯಲ್ಲಿ ರೋಸಾಳ ಮೊದಲ ವರ್ಷದ ದಾರಿ ತೆರೆಯುತ್ತಾಳೆ. ಆ ಮರಿ ಮೊದಲ ಸಲ ಮರಳುಗಾಡು ದಾಟಿದ ವಾರ ಸ್ತಾಮೆನ್ ಇನ್ನೂ ಇದ್ದ. ಗಂಡಹೆಂಡತಿ ಅಡುಗೆಮನೆಯಲ್ಲಿ ಕೂತು ಒಂದೊಂದೇ ಚುಕ್ಕೆ ಎಣಿಸುತ್ತ, ಒಲೆಯ ಮೇಲಿನ ಹುರುಳಿ ಸಾರು ತಳ ಹಿಡಿಯುವವರೆಗೂ ಎದ್ದಿರಲಿಲ್ಲವಂತೆ. ಅವಳು ಆ ವಾರವನ್ನು ನೋಡುತ್ತ ಕೂತಿರುವಾಗ ನಾನು ಮಾತನಾಡಿಸುವುದಿಲ್ಲ.